ನತಾಲ್ ಹಬ್ಬದ ಪ್ರಶ್ನೆಗಳು: ಗೋದಲಿ, ನೆವ್ರಿ ತಟ್ಟೆ, ಮಾತು ಬಿಟ್ಟ ಅಣ್ಣ

ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲಿ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರ, ಹಳಿಯಾಳದಲ್ಲಿ, ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಯವರೂ ಅವರ ನೆರೆಮನೆಯವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರ ಕನ್ನಡ ಜಿಲ್ಲೆಯ ಕ್ರೈಸ್ತರಲ್ಲಿ ಕಥೋಲಿಕರೇ ಹೆಚ್ಚಾದ್ದರಿಂದ ಉತ್ತರಗಳು ಅವರ ರೂಢಿಯನ್ನು ಹಿಡಿದು ಬರೆದವು.

ಕ್ರಿಸ್ಮಸ್ ಎಂದರೆ ಯೇಸುವಿನ ಹುಟ್ಟುಹಬ್ಬ, ಅಷ್ಟೇ ತಾನೆ?

ಹುಟ್ಟುಹಬ್ಬ ಹೌದು, ಅಷ್ಟೇ ಅಲ್ಲ. ದೇವರೇ ಮನುಷ್ಯನಾಗಿ ಹುಟ್ಟಿ ನಮ್ಮ ನಡುವೆ ಬಾಳಿದ ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಅವತಾರ ಎಂಬ ಮಾತು ನಮ್ಮ ಕಡೆ ತಟ್ಟನೆ ಬಾಯಿಗೆ ಬರುತ್ತದೆ. ಧರ್ಮಸಭೆಯೂ (ಚರ್ಚ್) ಮನುಷ್ಯಾವತಾರ ಎಂದೇ ಹೇಳುತ್ತದೆ. ಆದರೆ ಇಲ್ಲಿ ಬಂದದ್ದು ಒಂದೇ ಸಲ, ಬಂದದ್ದು ಪಾಪದಿಂದ ಬಿಡಿಸುವುದಕ್ಕೆ. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ (1:21) ದೇವದೂತ ಜೋಸೆಫನಿಗೆ ಹೇಳುವುದು ಇದನ್ನೇ: ಮಗುವಿಗೆ ಯೇಸು ಎಂದು ಹೆಸರಿಡು, ಆತ ತನ್ನ ಜನರನ್ನು ಪಾಪಗಳಿಂದ ಬಿಡಿಸುತ್ತಾನೆ. ಯೇಸು ಎಂಬ ಹೆಸರಿನ ಅರ್ಥವೇ 'ದೇವರು ಕಾಪಾಡುತ್ತಾನೆ' ಎಂದು. ಹೀಗಾಗಿ ಕ್ಷಮೆ ಈ ಹಬ್ಬಕ್ಕೆ ಆಮೇಲೆ ಅಂಟಿಸಿದ ಉಪದೇಶ ಅಲ್ಲ. ಮಗು ಹುಟ್ಟುವ ಮೊದಲೇ ಅದರ ಹೆಸರಿನಲ್ಲಿ ಇದ್ದದ್ದು.

ನತಾಲ್, ಕ್ರಿಸ್ತಜಯಂತಿ, ಕ್ರಿಸ್ಮಸ್: ಯಾವುದು ಸರಿ?

ಮೂರೂ ಸರಿ. ನತಾಲ್ ಪೋರ್ಚುಗೀಸಿನಿಂದ ಕೊಂಕಣಿಗೆ ಬಂದದ್ದು, 'ಜನನ' ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲ. ಕನ್ನಡ ಪೂಜೆಗಳಲ್ಲಿ ಕ್ರಿಸ್ತಜಯಂತಿ ಎನ್ನುತ್ತಾರೆ.

ಡಿಸೆಂಬರ್ 25 ಎಂದು ಬೈಬಲಿನಲ್ಲಿ ಇದೆಯೇ?

ಇಲ್ಲ. ತಿಂಗಳೂ ಇಲ್ಲ, ತಾರೀಖೂ ಇಲ್ಲ. ರೋಮಿನಲ್ಲಿ ನಾಲ್ಕನೆಯ ಶತಮಾನದ ಹೊತ್ತಿಗೆ ಈ ದಿನ ಆಚರಣೆ ಇತ್ತೆಂಬುದಕ್ಕೆ 354ರ ಒಂದು ಪಂಚಾಂಗದಲ್ಲಿ ದಾಖಲೆ ಸಿಗುತ್ತದೆ. ಹಾಗೆಯೇ ಮಗುವನ್ನು ನೋಡಲು ಬಂದ ಜ್ಯೋತಿಷಿಗಳು ಮೂವರು ಎಂದೂ ಮತ್ತಾಯ ಬರೆದಿಲ್ಲ; ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರಾದ್ದರಿಂದ ತಂದವರೂ ಮೂವರಾದರು.

ಗೋದಲಿಯನ್ನೇ ಏಕೆ ಕಟ್ಟುತ್ತಾರೆ? ಅದಕ್ಕೂ ಪ್ರೀತಿಗೂ ಏನು ಸಂಬಂಧ?

ಶಿರಸಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋದಲಿ ಎಂದರೆ ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕುವ ಜಾಗ. ಚೊಚ್ಚಲ ಬಾಣಂತಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿ ಮಲಗಿಸಿದಳು, ಛತ್ರದಲ್ಲಿ ಜಾಗ ಇರಲಿಲ್ಲ ಎನ್ನುತ್ತಾನೆ ಲೂಕ (2:7). ಮೊದಲ ಸುದ್ದಿ ಹೋದದ್ದು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ದೊಡ್ಡವನು ಚಿಕ್ಕವನಾಗಿ ಬಂದರೆ ಚಿಕ್ಕವರು ಹೆದರದೆ ಹತ್ತಿರ ಹೋಗಬಹುದು. ಕೈಕೂಸನ್ನು ಕಂಡು ಯಾರೂ ಹೆದರುವುದಿಲ್ಲವಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆ ತರಿಸಿ ಇದನ್ನು ಜನರ ಕಣ್ಣೆದುರು ಇಟ್ಟ. ಎತ್ತು ಕತ್ತೆ ಲೂಕನಲ್ಲಿ ಇಲ್ಲ, ಅವು ಯೆಶಾಯ 1:3ರಿಂದ ಬಂದವು.

ಕಟ್ಟುವವರಿಗೆ ಕೆಲವು ಮಾತು. ಹೊಲದ ಹಸಿರಿಗೆ ರಾಗಿ ಅಥವಾ ಭತ್ತ ಬಿತ್ತುವುದಾದರೆ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಡಿಸೆಂಬರ್ 13-14ರ ಸುಮಾರಿಗೆ ತಟ್ಟೆಯ ಮಣ್ಣಿಗೆ ಹಾಕಿ. ತಿಂಗಳ ಮೊದಲಲ್ಲೇ ಹಾಕಿದರೆ ಹಬ್ಬದ ಹೊತ್ತಿಗೆ ಉದ್ದ ಬೆಳೆದು ಅಡ್ಡ ಬೀಳುತ್ತದೆ. ಕತ್ತಲೆ ಮೂಲೆಯಲ್ಲಿಟ್ಟರೆ ಹಳದಿಯಾಗುತ್ತದೆ. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕು, ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಒಣಹುಲ್ಲಿನ ಮಾಡಿಗೆ ಸೀರಿಯಲ್ ಲೈಟ್ ತಾಗಿಸಬೇಡಿ, ವೈರಿನ ಪ್ರತಿ ಜಾಯಿಂಟಿಗೂ ಟೇಪ್ ಸುತ್ತಿ, ಮಲಗುವಾಗ ಪ್ಲಗ್ ಕಿತ್ತಿಡಿ. ಮೇಣದ ಬತ್ತಿ ಗೋದಲಿಯ ಒಳಗೆ ಬೇಡವೇ ಬೇಡ. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿಯ ಪೂಜೆಯವರೆಗೆ ಇಡುವುದಿಲ್ಲ. ಅಲ್ಲಿಯವರೆಗೆ ಹುಲ್ಲು ಖಾಲಿ. ಮಕ್ಕಳು ಕೇಳಿಯೇ ಕೇಳುತ್ತಾರೆ, ಪಾಪು ಎಲ್ಲಿ ಎಂದು. ಆಗಮನ ಕಾಲ ಎಂದರೆ ಏನೆಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಆಗಮನ ಕಾಲ ಎಂದರೆ?

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಗುರುಗಳ ಉಡುಪು ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ ಹಾಕಬಹುದು. ಮನೆಯಲ್ಲಿ ಬಣ್ಣ ಬಳಿಯುವುದಕ್ಕೂ ಚಕ್ಕುಲಿ ಒತ್ತುವುದಕ್ಕೂ ಇದೇ ನಾಲ್ಕು ವಾರ. ಮನಸ್ಸಿನ ಕೆಲಸಕ್ಕೆ ಉಳಿಯುವುದು 24ರ ಸಂಜೆ ಮಾತ್ರ, ಎಡವಟ್ಟು ಆಗುವುದು ಇಲ್ಲೇ.

ಪ್ರೀತಿ, ಕೃತಜ್ಞತೆ, ಕ್ಷಮೆ: ಈ ಮೂರರಲ್ಲಿ ಮೊದಲು ಯಾವುದು?

ಪ್ರೀತಿ, ಅದೂ ನಮ್ಮದಲ್ಲ, ದೇವರದು. ನಾವು ದೇವರನ್ನು ಪ್ರೀತಿಸಿದ್ದಲ್ಲ, ಆತನೇ ಮೊದಲು ನಮ್ಮನ್ನು ಪ್ರೀತಿಸಿದ ಎಂಬುದು ಯೊವಾನ್ನನ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದ ಮಾತು. ಪಡೆದುಕೊಂಡದ್ದು ಗೊತ್ತಾದಾಗ ಕೃತಜ್ಞತೆ. ನಮಗೆ ಮಾಫಿ ಆದದ್ದು ಎಷ್ಟು ಎಂದು ಲೆಕ್ಕ ಸಿಕ್ಕಾಗ ಇನ್ನೊಬ್ಬರಿಗೆ ಕ್ಷಮೆ. ಈ ಸರದಿಯನ್ನು ತಿರುವುಮುರುವು ಮಾಡಿ ಹಲ್ಲು ಕಚ್ಚಿ ಕ್ಷಮಿಸಲು ಹೊರಟರೆ ಕ್ಷಮೆ ಜನವರಿಯವರೆಗೂ ಬಾಳುವುದಿಲ್ಲ.

ಕೃತಜ್ಞತೆಯನ್ನು ಹೇಗೆ ತೋರಿಸುವುದು? 'ಥ್ಯಾಂಕ್ಸ್' ಸಾಲದೇ?

ಕೊಂಕಣಿಯಲ್ಲಿ ಥ್ಯಾಂಕ್ಸ್ ಹೇಳುವ ಮಾತು 'ದೇವ್ ಬರೆಂ ಕರೂಂ', ದೇವರು ಒಳ್ಳೆಯದು ಮಾಡಲಿ. ಧನ್ಯವಾದವೇ ಹರಕೆ. ಕ್ರೈಸ್ತರ ಪೂಜೆಗೆ ಇರುವ ಗ್ರೀಕ್ ಹೆಸರು ಯೂಕರಿಸ್ತಿಯಾ, ಅದರ ಅರ್ಥವೂ ಕೃತಜ್ಞತೆ ಸಲ್ಲಿಸುವುದು ಎಂದೇ. ಲೂಕನ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ, ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬ. ಅವನೂ ಹೊರಗಿನವನು, ಸಮಾರ್ಯದವನು.

ಉಳಿದ ಒಂಬತ್ತು ಮಂದಿಯ ಸಾಲಿಗೆ ಸೇರದಿರಲು ಒಂದು ಕ್ರಮ ಇದೆ. ವರ್ಷದಲ್ಲಿ ಉಪಕಾರ ಮಾಡಿದ ಐದಾರು ಜನರ ಹೆಸರು ಬರೆದುಕೊಳ್ಳಿ. ಪ್ರತಿಯೊಬ್ಬರಿಗೂ ಮೂರು ವಿಷಯ ಹೇಳಿ: ಏನು ಮಾಡಿದಿರಿ, ಯಾವಾಗ, ಅದರಿಂದ ನಮಗೆ ಏನಾಯಿತು. 'ಜುಲೈ ಮಳೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಅಜ್ಜಿಯ ಆಕ್ಸಿಜನ್ ಮಷಿನ್ನಿಗೆ ನಿಮ್ಮ ಜನರೇಟರ್ ಕೊಟ್ಟಿರಿ. ಆ ರಾತ್ರಿ ಕಳೆದದ್ದೇ ಅದರಿಂದ.' ಇಷ್ಟು ಹೇಳಿದರೆ ಕೇಳಿದವರ ಮುಖ ನೋಡಿ. 'ಎಲ್ಲದಕ್ಕೂ ಥ್ಯಾಂಕ್ಸ್' ಎಂದರೆ ಯಾವುದಕ್ಕೂ ಅಲ್ಲ ಎಂದಂತೆ.

ಮನೆಗೆಲಸಕ್ಕೆ ಬರುವವರಿಗೆ, ತೋಟದ ಆಳಿಗೆ ಹಬ್ಬದ ಹಣ ಕೊಡುವುದಾದರೆ 20ರ ಒಳಗೆ ಕೊಡಿ. ಅವರಲ್ಲೂ ಹಬ್ಬ ಮಾಡುವವರಿದ್ದಾರೆ, 25ರ ಸಂಜೆ ಕೈಗೆ ಬಂದ ನೋಟಿನಿಂದ ಮಕ್ಕಳಿಗೆ ಬಟ್ಟೆ ಬರುವುದಿಲ್ಲ. ಬಾಕಿ ಕೂಲಿಯನ್ನು ಕೊಟ್ಟು ಉಡುಗೊರೆ ಎನ್ನಬೇಡಿ. ಹರಿದ ಬಟ್ಟೆಯನ್ನಂತೂ ದಾನದ ಪೆಟ್ಟಿಗೆಗೆ ಹಾಕಲೇಬೇಡಿ.

ನೆರೆಮನೆಗೆ ತಿಂಡಿ ಹಂಚುವುದು ಧರ್ಮದ ಭಾಗವೇ? ಸಸ್ಯಾಹಾರಿಗಳ ಮನೆಗೆ ಏನು ಕಳಿಸಬೇಕು?

ನಿಯಮ ಅಲ್ಲ, ರೂಢಿ. ಮಂಗಳೂರು ಕಡೆಯವರು ಕುಸ್ವಾರ್ ಎನ್ನುವ ಈ ತಿಂಡಿಗಳನ್ನು ನೆರೆಯವರಿಗೆ ಹಂಚುವುದಕ್ಕೆ ಗೋವಾ ಕಡೆ ಕೊನ್ಸ್ವಾದ್ ಎನ್ನುತ್ತಾರೆ. ಚೌತಿಗೆ ನೆರೆಮನೆಯಿಂದ ಬಂದ ತಟ್ಟೆ ಡಿಸೆಂಬರ್‌ನಲ್ಲಿ ಇಲ್ಲಿಂದ ಹೋಗುತ್ತದೆ.

ಪ್ರೀತಿ ಎಷ್ಟು ಗಮನವಿಟ್ಟದ್ದು ಎಂಬುದು ಈ ತಟ್ಟೆಯಲ್ಲೇ ಕಾಣುತ್ತದೆ. ಕೇಕಿನಲ್ಲಿ ಮೊಟ್ಟೆ ಇದೆ ಎಂದು ಎಲ್ಲರಿಗೂ ಗೊತ್ತು. ಅಚ್ಚು ಅದ್ದಿ ಕರಿಯುವ ಗುಲಾಬಿ ಹೂವಿನ ಹಿಟ್ಟಿಗೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ರವೆಯ ಕೇಕ್ ಬಾತಿಕ್‌ಗೂ ಹಾಕುತ್ತಾರೆ, ಎಷ್ಟೋ ಮನೆಗಳಲ್ಲಿ ಕುಲ್‌ಕುಲ್‌ಗೂ ಬೀಳುತ್ತದೆ. ಪ್ಲಮ್ ಕೇಕಿನ ಹಣ್ಣು ರಮ್ಮಿನಲ್ಲಿ ನೆನೆದದ್ದಾದರೆ ಅದನ್ನೂ ಹೇಳಿ, ಮುಸ್ಲಿಂ ನೆರೆಯವರಿಗೆ ಅದು ಮುಖ್ಯ. ನೆವ್ರಿ (ಕರ್ಜಿಕಾಯಿ), ಚಕ್ಕುಲಿ, ಎಳ್ಳುಂಡೆ, ಹಲ್ವದಂಥ ದೊದೊಲ್‌ಗೆ ಮೊಟ್ಟೆ ಬೇಡ. ಆದರೆ ಗುಲಾಬಿ ಹೂವು ಕರಿದ ಎಣ್ಣೆಯಲ್ಲೇ ನೆವ್ರಿ ಬಿಟ್ಟರೆ ಆ ನೆವ್ರಿಯೂ ಸಸ್ಯಾಹಾರಿಗಳಿಗೆ ನಡೆಯುವುದಿಲ್ಲ. ಆದ್ದರಿಂದ ಮೊದಲು ಹೊಸ ಎಣ್ಣೆಯಲ್ಲಿ ಮೊಟ್ಟೆಯಿಲ್ಲದ್ದನ್ನೆಲ್ಲ ಕರಿದು, ಬೇರೆ ಡಬ್ಬಿಗೆ ತುಂಬಿ, ಚೀಟಿ ಅಂಟಿಸಿ. ಆಮೇಲೆ ಉಳಿದದ್ದು.

ಸುಮಾರು 45 ನೆವ್ರಿಗೆ ಲೆಕ್ಕ: ಮೈದಾ ಅರ್ಧ ಕಿಲೊ, ಬಿಸಿ ತುಪ್ಪ ನಾಲ್ಕು ದೊಡ್ಡ ಚಮಚ, ಚಿಟಿಕೆ ಉಪ್ಪು; ಹೂರಣಕ್ಕೆ ಒಣಕೊಬ್ಬರಿ ತುರಿ 200 ಗ್ರಾಂ, ಪುಡಿ ಸಕ್ಕರೆ 200 ಗ್ರಾಂ, ಹುರಿದ ಎಳ್ಳು 50 ಗ್ರಾಂ, ಏಲಕ್ಕಿ. ತುಪ್ಪವನ್ನು ಹಿಟ್ಟಿಗೆ ಚೆನ್ನಾಗಿ ಉಜ್ಜಿ, ಪೂರಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಒಂದೊಂದಕ್ಕೂ ಎರಡು ಚಿಕ್ಕ ಚಮಚ ಹೂರಣ, ಹೆಚ್ಚು ಬೇಡ. ಅಂಚಿಗೆ ನೀರು ಸವರಿ ಒತ್ತಿ ಮುಚ್ಚಿ, ಸಣ್ಣ ಉರಿಯಲ್ಲಿ ಕರಿಯಿರಿ. ಅಂಚು ಬಿಟ್ಟುಕೊಂಡರೆ ಸಕ್ಕರೆ ಎಣ್ಣೆಗಿಳಿದು ಸುಟ್ಟು ಮುಂದಿನ ಒಬ್ಬೆಯೆಲ್ಲ ಕಪ್ಪಾಗುತ್ತದೆ. ಹಸಿ ಕಾಯಿತುರಿ ಹಾಕಿದರೆ ರುಚಿ ಹೆಚ್ಚು, ಬಾಳಿಕೆ ಕಡಿಮೆ: ಕರಾವಳಿಯ ಸೆಖೆಗೆ ಎರಡು ಮೂರು ದಿನಕ್ಕೆ ಮುಗ್ಗು ವಾಸನೆ ಬರುತ್ತದೆ. ಪೂರ್ತಿ ಆರದೆ ಡಬ್ಬಿಗೆ ತುಂಬಿದರೆ ಎಲ್ಲ ಮೆತ್ತಗಾಗುತ್ತವೆ.

ಸಾವಾದ ಮನೆಗಳಲ್ಲಿ ಆ ವರ್ಷ ಎಷ್ಟೋ ಜನ ಎಣ್ಣೆ ಬಾಂಡಲಿ ಇಡುವುದಿಲ್ಲ. ಅಲ್ಲಿಗೆ ತಟ್ಟೆ ಮೊದಲು ಹೋಗಲಿ, 'ಹ್ಯಾಪಿ ಕ್ರಿಸ್ಮಸ್' ಎನ್ನದೆ. ಹೋಗಿ ಹತ್ತು ನಿಮಿಷ ಕುಳಿತು ಬಂದರೆ ಸಾಕು.

ಕ್ಷಮೆಯ ಮಾತು ಈಸ್ಟರ್‌ಗೆ ಸರಿ, ಕ್ರಿಸ್ಮಸ್‌ಗೆ ಏಕೆ?

ಪಂಚಾಂಗ ನೋಡಿ. 25ಕ್ಕೆ ಯೇಸುವಿನ ಜನನ, ಮರುದಿನ 26ಕ್ಕೆ ಸಂತ ಸ್ತೇಫನನ ಸ್ಮರಣೆ. ಕಲ್ಲೆಸೆದು ಕೊಲ್ಲುತ್ತಿದ್ದವರಿಗಾಗಿ, ಈ ಪಾಪವನ್ನು ಇವರ ಮೇಲೆ ಹೊರಿಸಬೇಡ ಎಂದು ಬೇಡಿಕೊಂಡು ಸತ್ತವನು ಆತ (ಪ್ರೇಷಿತರ ಕಾರ್ಯಕಲಾಪಗಳು 7:60). ಗೋದಲಿಯ ಹುಲ್ಲು ಇನ್ನೂ ಹಸಿರಿರುವಾಗಲೇ ಧರ್ಮಸಭೆ ಈ ಕಥೆಯನ್ನು ಎದುರಿಗಿಡುತ್ತದೆ.

ಲೆಕ್ಕದಲ್ಲಿ ಬೇಕೆಂದರೆ ಮತ್ತಾಯನ 18ನೆಯ ಅಧ್ಯಾಯ. ಒಬ್ಬ ಸೇವಕನಿಗೆ ಒಡೆಯ 10,000 ತಲಾಂತು ಸಾಲ ಮಾಫಿ ಮಾಡುತ್ತಾನೆ. ಅವನು ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ದಿನಾರಿ ಎಂದರೆ ಒಂದು ದಿನದ ಕೂಲಿ, ತಲಾಂತು ಸುಮಾರು 6,000 ದಿನಾರಿ. ಇಂದು ಕೂಲಿ 600 ರೂಪಾಯಿ ಎಂದಿಟ್ಟುಕೊಂಡರೆ ಅವನಿಗೆ ಮಾಫಿ ಆದದ್ದು 3,600 ಕೋಟಿ, ಅವನು ಕುತ್ತಿಗೆ ಹಿಡಿದದ್ದು 60,000ಕ್ಕೆ. ಅರವತ್ತು ಸಾವಿರ ಸಣ್ಣ ಮೊತ್ತವೇನಲ್ಲ. ಯೇಸು ಅದನ್ನು ಸೊನ್ನೆ ಎಂದು ಹೇಳಲಿಲ್ಲ, ಗಮನಿಸಿ.

ಅಣ್ಣನ ಹತ್ತಿರ ಮಾತು ಬಿಟ್ಟು ವರ್ಷಗಳಾದವು. ಹೇಗೆ ಶುರು ಮಾಡಲಿ?

ಬಲಿಪೀಠದ ಬಳಿ ಕಾಣಿಕೆ ಹಿಡಿದು ನಿಂತಾಗ ಸೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿ ಮಾಡಿಕೋ (ಮತ್ತಾಯ 5:23-24). ಇಲ್ಲಿ 'ನಿನಗೆ ಅವನ ಮೇಲೆ' ಎಂದಿಲ್ಲ, 'ಅವನಿಗೆ ನಿನ್ನ ಮೇಲೆ' ಎಂದಿದೆ. ಹೆಜ್ಜೆ ನಿಮ್ಮದು.

ಆಗಮನ ಕಾಲದ ಮೊದಲ ಎರಡು ವಾರದಲ್ಲೇ ಹೋಗಿ. 24ರಂದು ಅವರ ಮನೆಯಲ್ಲಿ ಮುಂಬಯಿಯ ನೆಂಟರು, ಮಕ್ಕಳು, ಗಲಾಟೆ. ಕುಡಿದು ಹೋಗಬೇಡಿ, ಹಬ್ಬದ ರಾತ್ರಿಯ ಎಷ್ಟೋ ರಾಜಿ ಅಲ್ಲೇ ಎರಡನೆಯ ಜಗಳವಾಗಿದೆ. ಒಬ್ಬರೇ ಹೋಗಿ, ಅಥವಾ ಇಬ್ಬರಿಗೂ ಬೇಕಾದ ಅತ್ತೆಯನ್ನೋ ಮಾವನನ್ನೋ ಕರೆದುಕೊಂಡು ಹೋಗಿ. ಕುಳಿತ ಕೂಡಲೇ ನಿಮ್ಮ ತಪ್ಪನ್ನು ಹೆಸರಿಟ್ಟು ಹೇಳಿ: 'ಅಣ್ಣ, ಅಪ್ಪನ ವರ್ಷದ ಪೂಜೆಯ ದಿನ ಎಲ್ಲರೆದುರು ನಿನ್ನನ್ನು ಕಳ್ಳ ಅಂದೆ. ಅದು ತಪ್ಪು.' ಅಲ್ಲಿಗೆ ನಿಲ್ಲಿಸಿ. ಬಾಯಿಗೆ ಬರುವ ಮುಂದಿನ ಶಬ್ದ 'ಆದರೆ'. ಅದನ್ನು ನುಂಗಿ. 'ನಿನಗೆ ಬೇಜಾರಾಗಿದ್ದರೆ ಸಾರಿ' ಎಂಬುದು ಕ್ಷಮೆ ಕೇಳುವ ಮಾತಲ್ಲ, ತಪ್ಪನ್ನು ಅವನ ಬೇಜಾರಿನ ಮೇಲೆ ಹೊರಿಸುವ ಮಾತು.

ಹಣದ ವಿಷಯ ಇದ್ದರೆ ಹಣ ತೆಗೆದುಕೊಂಡೇ ಹೋಗಿ, ಇಲ್ಲವೇ ತಿಂಗಳಿಗೆ ಇಷ್ಟು ಎಂದು ಬರೆದುಕೊಡಿ. ಸುಂಕ ವಸೂಲಿಯ ಜಕ್ಕಾಯ ಯೇಸುವಿಗೆ ಹೇಳಿದ್ದು ಸಾರಿ ಎಂದಲ್ಲ, ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದು (ಲೂಕ 19:8). ಹತ್ತು ಹದಿನೈದು ನಿಮಿಷಕ್ಕೆ ಎದ್ದು ಬನ್ನಿ. ಉತ್ತರ ಅಂದೇ ಬೇಕೆಂದು ಕೂರಬೇಡಿ. ನೀವು ತಿಂಗಳುಗಟ್ಟಲೆ ಯೋಚಿಸಿದ್ದೀರಿ, ಅವರಿಗೆ ಈಗಷ್ಟೇ ಗೊತ್ತಾಗಿದೆ. ಬಾಗಿಲೇ ತೆಗೆಯದಿದ್ದರೆ ಕೈಬರಹದಲ್ಲಿ ಒಂದು ಪುಟದ ಪತ್ರ. 'ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ' ಎಂದು ಇನ್ನೂರು ಜನಕ್ಕೆ ಕಳಿಸುವ ವಾಟ್ಸಾಪ್ ಮೆಸೇಜಿನಿಂದ ಯಾರ ಗಾಯವೂ ಮಾಯುವುದಿಲ್ಲ.

ಕ್ಷಮಿಸಿದರೆ ಜಾಗದ ಕೇಸು ವಾಪಸ್ ತೆಗೆಯಬೇಕೇ?

ಬೇಕಾಗಿಲ್ಲ. ಕ್ಷಮೆ ಎಂದರೆ ಸೇಡು ಬಿಡುವುದು, ಹಕ್ಕು ಬಿಡುವುದಲ್ಲ. ಪೋಪ್ ಎರಡನೆಯ ಜಾನ್ ಪಾಲ್ ಜಗದ್ಗುರುಗಳಿಗೆ 1981ರ ಮೇ 13ರಂದು ಗುಂಡು ಹೊಡೆದ ಮೆಹ್ಮೆತ್ ಅಲಿ ಆಜಾನನ್ನು ಅವರು ನಾಲ್ಕೇ ದಿನದಲ್ಲಿ ಕ್ಷಮಿಸಿದರು. 1983ರ ಡಿಸೆಂಬರ್ 27ರಂದು, ಕ್ರಿಸ್ಮಸ್ ಕಳೆದು ಎರಡನೆಯ ದಿನ, ಜೈಲಿಗೇ ಹೋಗಿ ಅವನ ಪಕ್ಕ ಕುಳಿತು ಮಾತನಾಡಿದರು. ಆದರೂ ಇಟಲಿ ಅವನಿಗೆ ಕ್ಷಮಾದಾನ ಕೊಟ್ಟದ್ದು 2000ದಲ್ಲಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀವಂತ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು, ಕೋರ್ಟಿನ ವಿಚಾರಣೆ ಅದರ ಪಾಡಿಗೆ ನಡೆಯಿತು.

ಪಾಲಿನ ಕೇಸು ನಡೆಯುತ್ತಿರುವಾಗಲೇ ತಾರೀಖಿನ ದಿನ ಕೋರ್ಟಿನ ಜಗಲಿಯಲ್ಲಿ ಅಣ್ಣನನ್ನು ಕಂಡು 'ಊಟ ಆಯ್ತಾ' ಎಂದು ಕೇಳಬಹುದು. ಗಡಿಯ ತೆಂಗಿನಮರದ ಕಾಯಿ ಯಾರಿಗೆ ಎಂಬುದನ್ನು ಸರ್ವೆಯವರು ಹೇಳಲಿ.

ಗಂಡ ಹೊಡೆಯುತ್ತಾನೆ. ಹಬ್ಬ ಬಂತು, ಕ್ಷಮಿಸಿ ವಾಪಸ್ ಹೋಗು ಎನ್ನುತ್ತಾರೆ.

ಹೋಗಬೇಕಾಗಿಲ್ಲ. ಕ್ಷಮೆ ಒಬ್ಬರೇ ಮಾಡಬಹುದಾದದ್ದು, ಕೂಡಿ ಬಾಳುವುದಕ್ಕೆ ಇಬ್ಬರೂ ಬದಲಾಗಬೇಕು. ಹೊಡೆಯುವವರ ಕೈಗೆ ಮತ್ತೆ ಸಿಗು ಎಂದು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯವಾದರೆ 1098. ದೂರು ಕೊಡುವುದು ಪಾಪವಲ್ಲ. ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವಲ್ಲಿ, ಹೇಳಿಕೊಳ್ಳಬೇಕಾದವನು ಹೊಡೆದವನು.

ಕ್ಷಮೆ ಕೇಳಬೇಕಾದವರು ತೀರಿಹೋಗಿದ್ದಾರೆ.

ಅವರ ಹೆಸರಿನಲ್ಲಿ ಪೂಜೆ ಹೇಳಿಸಿ, ಸಮಾಧಿಗೆ ಹೋಗಿ ಪ್ರಾರ್ಥಿಸಿ. ಅವರಿಗೆ ಕೊಡಬೇಕಿದ್ದದ್ದು ಏನಾದರೂ ಉಳಿದಿದ್ದರೆ ಅವರ ಮಕ್ಕಳಿಗೆ ಕೊಡಿ.

ಪಾಪನಿವೇದನೆಗೆ ಯಾವಾಗ ಹೋಗಬೇಕು? ಬಹಳ ವರ್ಷವಾಯಿತು, ಮರೆತೇ ಹೋಗಿದೆ.

ಕೊಂಕಣಿಯವರು ಕುಮ್ಸಾರ್ ಎನ್ನುವುದು ಇದನ್ನೇ. 24ರ ರಾತ್ರಿ ಸಾಲು ಉದ್ದ, ಗುರುಗಳಿಗೂ ಸುಸ್ತು. ಮೂರನೆಯ ಭಾನುವಾರದ ಆಸುಪಾಸಿನಲ್ಲಿ ಮುಗಿಸಿ. ಮೊದಲು ಮನಸ್ಸಾಕ್ಷಿ ಪರೀಕ್ಷೆ. ಮರೆಯುವಂತಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು, ಬರುವಾಗ ಹರಿದು ಹಾಕಿ. ಶಿಲುಬೆ ಗುರುತು ಹಾಕಿ, ಹಿಂದೆ ಬಂದು ಎಷ್ಟು ಕಾಲವಾಯಿತು ಎಂದು ಹೇಳಿ, ನಿಮ್ಮ ಪಾಪಗಳನ್ನಷ್ಟೇ ಹೇಳಿ, ಅತ್ತೆಯದನ್ನೋ ಪಕ್ಕದ ಮನೆಯವರದನ್ನೋ ಅಲ್ಲ. ಪ್ರಾರ್ಥನೆ ಮರೆತಿದ್ದರೆ 'ಮರೆತಿದೆ ಫಾದರ್' ಎಂದರೆ ಹೇಳಿಕೊಡುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆ, ಗುರುಗಳಿಂದ ಪಾಪವಿಮೋಚನೆ, ಅವರು ಹೇಳಿದ ಪ್ರಾಯಶ್ಚಿತ್ತ. ಕೇಳಿದ್ದನ್ನು ಗುರುಗಳು ಯಾರಿಗೂ, ಪೊಲೀಸರಿಗೂ ಹೇಳುವಂತಿಲ್ಲ. ಹೇಳಿದವರಿಗೆ ಧರ್ಮಸಭೆಯಲ್ಲಿ ಬಹಿಷ್ಕಾರದ ಶಿಕ್ಷೆ ಇದೆ.

ನಾವು ಕ್ರೈಸ್ತರಲ್ಲ. ರಾತ್ರಿ ಪೂಜೆಗೆ ಬರಬಹುದೇ?

ಧಾರಾಳವಾಗಿ ಬನ್ನಿ. ಸಮಯ ಊರಿಂದ ಊರಿಗೆ ಬೇರೆ, ಎಲ್ಲ ಕಡೆ ಹನ್ನೆರಡು ಗಂಟೆಗೇ ಇರುವುದಿಲ್ಲ. ಹಿಂದಿನ ದಿನವೇ ವಿಚಾರಿಸಿ. ಕೊಂಕಣಿಯೋ ಕನ್ನಡವೋ ಎಂಬುದನ್ನೂ ಕೇಳಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕುಳಿತು, ಜನ ಎದ್ದಾಗ ಏಳಿ, ಮೊಣಕಾಲೂರುವುದು ಕಡ್ಡಾಯವಲ್ಲ. ಪರಮಪ್ರಸಾದದ (ಗುರುಗಳು ಕೊಡುವ ಪವಿತ್ರ ರೊಟ್ಟಿಯ) ಸಾಲಿಗೆ ಮಾತ್ರ ಹೋಗಬೇಡಿ. ಅದು ದೇವಸ್ಥಾನದಲ್ಲಿ ಎಲ್ಲರಿಗೂ ಹಂಚುವ ಪ್ರಸಾದದಂತಲ್ಲ, ದೀಕ್ಷಾಸ್ನಾನ ಪಡೆದು ಸಿದ್ಧರಾದವರಿಗೆ ಮಾತ್ರ. ತಿಳಿಯದೆ ಕೈಗೆ ಬಂದುಬಿಟ್ಟರೆ ಜೇಬಿಗೆ ಹಾಕದೆ ಅಲ್ಲೇ ಗುರುಗಳಿಗೆ ಹಿಂದಿರುಗಿಸಿ, ಯಾರೂ ಬೈಯುವುದಿಲ್ಲ. ಪೂಜೆ ಮುಗಿದ ಮೇಲೆ ಗೋದಲಿಯ ಮುಂದೆ ಎಲ್ಲರೂ ಕೈಮುಗಿಯಬಹುದು.

ನಕ್ಷತ್ರ, ಗೋದಲಿ ಯಾವಾಗ ತೆಗೆಯುವುದು?

ಜ್ಯೋತಿಷಿಗಳ ಹಬ್ಬ ಜನವರಿ 6 ಅಥವಾ ಅದರ ಹತ್ತಿರದ ಭಾನುವಾರ. ಪ್ರಭುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಕ್ರಿಸ್ಮಸ್ ಕಾಲ ಮುಗಿಯುತ್ತದೆ. ಗೊಂಬೆಗಳನ್ನು ಒಂದೊಂದಾಗಿ ಹಳೆಯ ಕಾಗದದಲ್ಲಿ ಸುತ್ತಿಡಿ, ಕುರಿಯ ಕಿವಿಯೂ ಒಂಟೆಯ ಕಾಲೂ ಮೊದಲು ಮುರಿಯುವುದು. ಬೆಳೆದ ಭತ್ತದ ಪೈರನ್ನೂ ಹುಲ್ಲನ್ನೂ ಯಾರದಾದರೂ ಕೊಟ್ಟಿಗೆಗೆ ಕೊಡಬಹುದು, ಮಿನುಗು ಪುಡಿ, ಥರ್ಮಾಕೋಲ್ ಚೂರು, ಗುಂಡುಸೂಜಿ ಒಂದೂ ಉಳಿಯದಂತೆ ಆರಿಸಿದ ಮೇಲೆ.